ಒಂದೇ ಮಾತ್ರೆ ಅಣ್ಣನಿಗೆ ಹಿಡಿಯಿತು, ತಮ್ಮನಿಗೆ ಯಾಕೆ ಹಿಡಿಯಲಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಲ್ಲಿ ನನ್ನದೊಂದು ಔಷಧ ಅಂಗಡಿ ಇದೆ. ಇಪ್ಪತ್ತೆರಡು ವರ್ಷ ಆಯಿತು. ಇಷ್ಟು ವರ್ಷದಲ್ಲಿ ಗಲ್ಲಾಪೆಟ್ಟಿಗೆಯ ಆಚೆಯಿಂದ ನಾನು ಅತಿ ಜಾಸ್ತಿ ಕೇಳಿದ ಮಾತು, "ಅಕ್ಕಾ, ಆ ಮಾತ್ರೆ ನಂಗೆ ಆಗಿಬರೂದಿಲ್ಲ." ಯಾವ ಮಾತ್ರೆ ಎಂದು ಕೇಳಿದರೆ, "ಅದೇ, ಸಣ್ಣದು, ಕೆಂಪು ಬಣ್ಣದ್ದು" ಅನ್ನುತ್ತಾರೆ. ಹೆಸರು ಗೊತ್ತಿರುವುದಿಲ್ಲ. ಚೀಟಿ ಯಾವಾಗಲೋ ಕಳೆದುಹೋಗಿರುತ್ತದೆ.

ಆ "ಆಗಿಬರುವುದಿಲ್ಲ" ಎಂಬ ಮಾತಿನ ಹಿಂದೆ ಎಷ್ಟೋ ಸಲ ನಿಜವಾದ ಕಾರಣ ಇರುತ್ತದೆ. ಕೆಲವು ಸಲ ಆ ಕಾರಣ ಹುಟ್ಟಿನಿಂದಲೇ ಬಂದಿರುತ್ತದೆ. ಅದಕ್ಕೇ ಜನ ಕೇಳುವ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಓದಿ, ನಿಮ್ಮ ಡಾಕ್ಟರ ಹತ್ತಿರ ಕೇಳಿ.

ಒಂದೇ ಮಾತ್ರೆ, ಒಂದೇ ಡೋಸ್. ಅಣ್ಣನಿಗೆ ಹಿಡಿಯಿತು, ನನಗೆ ಎಂತಕ್ಕೆ ಹಿಡಿಯಲಿಲ್ಲ?

ನುಂಗಿದ ಮಾತ್ರೆ ನೇರ ನೋವಿನ ಜಾಗಕ್ಕೆ ಹೋಗಿ ಕೂರುವುದಿಲ್ಲ. ಹೊಟ್ಟೆ, ಕರುಳು ದಾಟಿ ರಕ್ತಕ್ಕೆ ಸೇರುತ್ತದೆ. ಲಿವರ್ ಅದನ್ನು ಒಡೆದು ಹೊರಗೆ ಹಾಕಲು ಶುರು ಮಾಡುತ್ತದೆ. ಈ ಒಡೆಯುವ ಕೆಲಸ ಮಾಡುವುದು ಕಿಣ್ವಗಳು. ಕಿಣ್ವ ಹೇಗಿರಬೇಕು ಎಂಬುದು ಜೀನ್‌ನಲ್ಲಿ ಬರೆದಿರುತ್ತದೆ. ಆ ಬರಹದ ಒಂದು ಪ್ರತಿ ಅಪ್ಪನಿಂದ, ಇನ್ನೊಂದು ಅಮ್ಮನಿಂದ. ಅದರಲ್ಲಿ ಒಂದು ಅಕ್ಷರ ಬೇರೆ ಇದ್ದರೂ ಸಾಕು, ಕಿಣ್ವದ ಕೆಲಸ ನಿಧಾನ ಆಗಬಹುದು, ಜೋರಾಗಬಹುದು, ನಿಂತೇ ಹೋಗಬಹುದು.

ಶಿರಸಿ, ಸಿದ್ದಾಪುರ ಕಡೆಯವರಿಗೆ ನಾನು ಅಡಿಕೆ ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಎರಡು ತೋಟಕ್ಕೂ ಬಿದ್ದದ್ದು ಒಂದೇ ಮಳೆ. ಒಂದರ ಬಸಿಗಾಲುವೆ ಹೂಳು ತುಂಬಿ ಕಟ್ಟಿಕೊಂಡಿದೆ. ಅಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಇನ್ನೊಂದರ ಬಸಿಗಾಲುವೆ ತುಂಬಾ ಆಳ. ಅಲ್ಲಿ ನೀರು ನಿಲ್ಲುವುದೇ ಇಲ್ಲ. ಮೈಯಲ್ಲೂ ಹಾಗೇ. ಕಿಣ್ವ ನಿಧಾನ ಇದ್ದರೆ ಮದ್ದು ರಕ್ತದಲ್ಲಿ ಜಮಾ ಆಗಿ ತೊಂದರೆ ಕೊಡುತ್ತದೆ. ಕಿಣ್ವ ಜೋರಿದ್ದರೆ ಮದ್ದು ಕೆಲಸ ಮಾಡುವ ಮೊದಲೇ ಖಾಲಿ.

ಅಣ್ಣ ತಮ್ಮಂದಿರಿಗೆ ಅಪ್ಪ ಅಮ್ಮ ಒಂದೇ. ಆದರೆ ಅವರ ಎರಡೆರಡು ಪ್ರತಿಗಳಲ್ಲಿ ಯಾವುದು ಯಾವ ಮಗುವಿಗೆ ಬರುತ್ತದೆ ಎಂಬುದು ಪ್ರತಿ ಸಲ ಬೇರೆ. ಹಾಗಾಗಿ ಒಂದೇ ಮನೆಯಲ್ಲೂ ವ್ಯತ್ಯಾಸ ಇರುತ್ತದೆ.

ಹಾಗಾದರೆ ಎಲ್ಲಾ ತೊಂದರೆಗೂ ಜೀನ್ ಕಾರಣವಾ?

ಇಲ್ಲ. ಮೊದಲು ನೋಡಬೇಕಾದದ್ದು ಬೇರೆ ವಿಷಯಗಳು. ವಯಸ್ಸು ಎಷ್ಟು, ತೂಕ ಎಷ್ಟು, ಕಿಡ್ನಿ ಲಿವರ್ ಸರಿ ಇದೆಯಾ, ಮಧ್ಯೆ ಎರಡು ದಿನ ಮಾತ್ರೆ ತಪ್ಪಿತಾ, ಕುಡಿಯುವ ಅಭ್ಯಾಸ ಇದೆಯಾ, ಜೊತೆಗೆ ಬೇರೆ ಏನು ತಿನ್ನುತ್ತಿದ್ದಾರೆ. ಅಂಗಡಿಗೆ ಬರುವ ಹೆಚ್ಚಿನ ದೂರುಗಳು ಇಲ್ಲಿಗೇ ಮುಗಿಯುತ್ತವೆ. ಬಿಪಿಗೆ ಕೊಡುವ ಆಮ್ಲೋಡಿಪಿನ್ ತಿಂದು ಕಾಲು ಊದಿಕೊಂಡರೆ ಅದು ಆ ಮಾತ್ರೆಯ ಸಾಮಾನ್ಯ ಗುಣ. ಡಾಕ್ಟರಿಗೆ ಹೇಳಿದರೆ ಬದಲಾಯಿಸುತ್ತಾರೆ. ಬಿಪಿಗೆ, ಸಕ್ಕರೆ ಕಾಯಿಲೆಗೆ ದಿನಾ ತಿನ್ನುವ ಸಾಮಾನ್ಯ ಮಾತ್ರೆಗಳಿಗೆ ಜೀನ್ ಪರೀಕ್ಷೆ ಬೇಕಾಗುವುದಿಲ್ಲ.

ಸ್ಟೆಂಟ್ ಹಾಕಿದ ಮೇಲೆ ಕ್ಲೋಪಿಡೋಗ್ರೆಲ್ ಕೊಟ್ಟಿದ್ದಾರೆ. ಕೆಲವರಿಗೆ ಅದು ಹಿಡಿಯುವುದಿಲ್ಲ ಅಂತಾರೆ, ನಿಜವಾ?

ನಿಜ. ನಮ್ಮ ದೇಶದವರು ತಿಳಿದಿರಲೇಬೇಕಾದ ವಿಷಯ ಇದು.

ಕ್ಲೋಪಿಡೋಗ್ರೆಲ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಅದು ಒಂಥರಾ ಭತ್ತ ಇದ್ದಹಾಗೆ. ಭತ್ತ ತಿಂದರೆ ಹೊಟ್ಟೆ ತುಂಬುವುದಿಲ್ಲ, ಅಕ್ಕಿ ಮಾಡಬೇಕು. ಆ ಗಿರಣಿ ಇರುವುದು ನಮ್ಮ ಲಿವರಿನಲ್ಲಿ. ನುಂಗಿದ್ದರಲ್ಲಿ ಸುಮಾರು 15 ಪಾಲು ಮಾತ್ರ ಕೆಲಸಕ್ಕೆ ಬರುವ ಮದ್ದಾಗುತ್ತದೆ, ಉಳಿದ 85 ಪಾಲು ಹೊಟ್ಟಾಗಿ ಹೋಗುತ್ತದೆ. ಈ ಗಿರಣಿಯ ಮುಖ್ಯ ಯಂತ್ರ ಸಿವೈಪಿ2ಸಿ19 ಎಂಬ ಕಿಣ್ವ. ಇದರ ಜೀನ್‌ನ ಒಂದು ಪ್ರತಿ ಕೆಲಸ ಮಾಡದಿದ್ದರೆ ಮದ್ದು ಕಡಿಮೆ ತಯಾರಾಗುತ್ತದೆ. ಎರಡೂ ಪ್ರತಿ ಕೆಲಸ ಮಾಡದಿದ್ದರೆ ತೀರಾ ಕಡಿಮೆ. ಆಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಮೊದಲಿನಂತೆಯೇ ಅಂಟಿಕೊಳ್ಳುತ್ತವೆ. ಹೊಸ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಈ ವಿಷಯಕ್ಕೇ ಕ್ಲೋಪಿಡೋಗ್ರೆಲ್ ಮೇಲೆ ತನ್ನ ಅತಿ ಗಟ್ಟಿಯಾದ ಎಚ್ಚರಿಕೆ ಹಾಕಿಸಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಲ್ಲಿ ಕೆಲಸ ಮಾಡದ ಒಂದು ಪ್ರತಿಯಾದರೂ ಇರುವವರು ಅರ್ಧದಷ್ಟು, ಕೆಲವು ಅಧ್ಯಯನಗಳಲ್ಲಿ ಅದಕ್ಕಿಂತ ಜಾಸ್ತಿ. ಯುರೋಪಿನವರಲ್ಲಿ ಇದು ಕಡಿಮೆ. ಅಂದಮಾತ್ರಕ್ಕೆ ಅರ್ಧ ಜನಕ್ಕೆ ಮಾತ್ರೆ ದಂಡ ಎಂದಲ್ಲ. ಒಂದು ಪ್ರತಿ ಸರಿ ಇದ್ದವರಲ್ಲಿ ಅದು ಸ್ವಲ್ಪವಾದರೂ ಕೆಲಸ ಮಾಡುತ್ತದೆ.

ಬದಲಿ ಮದ್ದುಗಳಿವೆ. ಪ್ರಾಸುಗ್ರೆಲ್, ಟಿಕಾಗ್ರೆಲರ್ ಈ ಕಿಣ್ವವನ್ನು ನೆಚ್ಚಿಕೊಂಡಿಲ್ಲ. ಆದರೆ ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚು. ಮೊದಲು ಪಾರ್ಶ್ವವಾಯು ಆದವರಿಗೆ ಪ್ರಾಸುಗ್ರೆಲ್ ಕೊಡುವುದಿಲ್ಲ. ಟಿಕಾಗ್ರೆಲರ್ ದಿನಕ್ಕೆ ಎರಡು ಸಲ ತಿನ್ನಬೇಕು, ಕೆಲವರಿಗೆ ಉಸಿರು ಕಟ್ಟಿದಂತೆ ಆಗುತ್ತದೆ. ಯಾವುದು ಯಾರಿಗೆ ಎಂದು ತೂಗಿ ನೋಡುವುದು ಹೃದಯದ ಡಾಕ್ಟರ ಕೆಲಸ.

ಇನ್ನೊಂದು ಮಾತು, ಇದನ್ನು ನಾನು ಅಂಗಡಿಯಲ್ಲಿ ದಿನಾ ಹೇಳುತ್ತೇನೆ. ಗ್ಯಾಸ್ಟ್ರಿಕ್‌ಗೆ ಎಂದು ಜನ ಸುಮ್ನೆ ತೆಗೆದುಕೊಳ್ಳುವ ಒಮೆಪ್ರಜೋಲ್, ಎಸೊಮೆಪ್ರಜೋಲ್ ಇವೆಯಲ್ಲ, ಅವು ಇದೇ ಕಿಣ್ವವನ್ನು ತಡೆಯುತ್ತವೆ. ಜೀನ್ ಸರಿ ಇದ್ದವರ ಗಿರಣಿಯನ್ನೂ ಅರ್ಧ ಬಂದ್ ಮಾಡಿದಹಾಗೆ. ಕ್ಲೋಪಿಡೋಗ್ರೆಲ್ ತಿನ್ನುವವರು ಗ್ಯಾಸ್ ಮಾತ್ರೆ ಕೇಳುವಾಗ "ನಾನು ಹಾರ್ಟಿನ ಮಾತ್ರೆ ತಿಂತೇನೆ" ಎಂದು ಹೇಳಿ. ಪ್ಯಾಂಟೊಪ್ರಜೋಲ್‌ನಂತಹ, ಕಡಿಮೆ ತಡೆಯುವ ಮಾತ್ರೆ ಇದೆ. ಒಂದು ಮಾತಿನಿಂದ ಸರಿಹೋಗುವ ವಿಷಯ ಇದು.

ಹೃದಯದ ವಾಲ್ವ್ ಬದಲಾಯಿಸಿದ್ದಾರೆ. ಅಸಿಟ್ರೋಮ್ ಡೋಸ್ ತಿಂಗಳಿಗೊಮ್ಮೆ ಬದಲಾಯಿಸುತ್ತಲೇ ಇರುತ್ತಾರೆ. ಡಾಕ್ಟರಿಗೆ ಗೊತ್ತಾಗುತ್ತಿಲ್ಲವಾ?

ಡಾಕ್ಟರಿಗೆ ಗೊತ್ತಿರುವುದಕ್ಕೇ ಬದಲಾಯಿಸುತ್ತಾರೆ. ಅಸಿಟ್ರೋಮ್, ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದುಗಳು. ಇವುಗಳ ಡೋಸ್ ಒಬ್ಬರಿಂದ ಒಬ್ಬರಿಗೆ ಹಲವು ಪಟ್ಟು ಬೇರೆ ಇರುತ್ತದೆ. ಪಕ್ಕದ ಮನೆಯವನಿಗೆ ನಾಲ್ಕು ಮಿಲಿಗ್ರಾಂ ಬೇಕು, ನಿಮಗೆ ಒಂದೇ ಮಿಲಿಗ್ರಾಂ ಸಾಕು. ಇದರಲ್ಲಿ ಎರಡು ಜೀನ್‌ಗಳ ಪಾಲು ದೊಡ್ಡದು. ವಿಕೆಓಆರ್‌ಸಿ1 ಎಂಬುದು ಮದ್ದು ಹೋಗಿ ಹಿಡಿಯುವ ಜಾಗಕ್ಕೆ ಸೇರಿದ್ದು. ಸಿವೈಪಿ2ಸಿ9 ಮದ್ದನ್ನು ಒಡೆಯುವ ಕಿಣ್ವದ್ದು.

ಇಲ್ಲಿ ಜೀನ್ ಪರೀಕ್ಷೆ ಮಾಡಿಸದಿದ್ದರೂ ನಡೆಯುತ್ತದೆ, ಯಾಕೆಂದರೆ ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಇದೆ. ಮದ್ದು ನಿಮ್ಮ ಮೈಯಲ್ಲಿ ಎಷ್ಟು ಕೆಲಸ ಮಾಡಿತು ಎಂಬುದನ್ನು ಅದು ನೇರವಾಗಿ ತೋರಿಸುತ್ತದೆ. ಮದ್ದು ತಿನ್ನದವರಲ್ಲಿ ಅದು 1ರ ಹತ್ತಿರ ಇರುತ್ತದೆ. ಲೋಹದ ವಾಲ್ವ್ ಇದ್ದವರಿಗೆ ಸಾಮಾನ್ಯವಾಗಿ 2ರಿಂದ 3, ಇಲ್ಲವೇ 2.5ರಿಂದ 3.5ರ ಒಳಗೆ ಇಡುತ್ತಾರೆ. ಯಾವ ವಾಲ್ವ್ ಎಂಬುದರ ಮೇಲೆ ಹೋಗುತ್ತದೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಹತ್ತಿ ಹೋಗುವುದು ಕಷ್ಟ ಎಂದು ಎರಡು ತಿಂಗಳು ಐಎನ್‌ಆರ್ ಬಿಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಬಿಡಬೇಡಿ. ಹತ್ತಿರದ ಲ್ಯಾಬಿನಲ್ಲಿ ಮಾಡಿಸಿ, ಫೋನಿನಲ್ಲಿ ಡಾಕ್ಟರಿಗೆ ಕಳಿಸಿ.

ಬಸಳೆ, ಹರಿವೆ ಬಿಡಬೇಕಾ ಎಂದು ಕೇಳುತ್ತಾರೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಈ ಮದ್ದಿಗೆ ಎದುರು. ಆದರೆ ಬಿಡುವುದು ಬೇಡ. ವಾರಕ್ಕೆ ಎಷ್ಟು ತಿನ್ನುತ್ತೀರೋ ಅಷ್ಟೇ ತಿನ್ನುತ್ತಾ ಇರಿ. ಒಂದು ವಾರ ದಿನಾ ಬಸಳೆ ಹುಳಿ, ಮುಂದಿನ ವಾರ ಏನೂ ಇಲ್ಲ, ಅದು ತೊಂದರೆ.

ಟಿಬಿ ಮಾತ್ರೆ ಶುರುವಾದ ಮೇಲೆ ಕೈಕಾಲು ಜೋಮು ಹಿಡಿಯುತ್ತದೆ. ಎಂತಕ್ಕೆ?

ಟಿಬಿ ಮದ್ದಿನಲ್ಲಿ ಐಸೋನಿಯಾಜಿಡ್ ಇರುತ್ತದೆ. ಅದನ್ನು ಒಡೆಯುವ ಕಿಣ್ವದ ಜೀನ್ ಎನ್‌ಎಟಿ2. ಜನರಲ್ಲಿ ನಿಧಾನ ಒಡೆಯುವವರು, ಬೇಗ ಒಡೆಯುವವರು ಎಂಬ ಗುಂಪುಗಳು ಸ್ಪಷ್ಟವಾಗಿ ಇವೆ ಎಂದು 1960ರಲ್ಲೇ ತೋರಿಸಿದ್ದರು. ನಮ್ಮಲ್ಲಿ ನಿಧಾನದವರು ತುಂಬಾ ಇದ್ದಾರೆ. ಅವರಲ್ಲಿ ಮದ್ದು ಹೆಚ್ಚು ಹೊತ್ತು ಉಳಿಯುತ್ತದೆ. ನರಗಳಿಗೆ ಬೇಕಾದ ಬಿ6 ವಿಟಮಿನ್ ಕಡಿಮೆ ಆಗಿ ಜೋಮು, ಉರಿ ಶುರುವಾಗುತ್ತದೆ. ಅದಕ್ಕೇ ಜೊತೆಗೆ ಪಿರಿಡಾಕ್ಸಿನ್ ಮಾತ್ರೆ ಕೊಡುವುದು. ಅದು ಸುಮ್ನೆ ಶಕ್ತಿಗೆ ಕೊಟ್ಟದ್ದು ಎಂದು ಬಿಟ್ಟುಬಿಡುವವರಿದ್ದಾರೆ. ಬಿಡಬಾರದು.

ಕಣ್ಣು ಹಳದಿ, ಊಟ ಸೇರದು, ವಾಂತಿ, ಮೂತ್ರ ಗಾಢ ಬಣ್ಣ, ಇವು ಲಿವರಿನ ಸೂಚನೆ. ಆ ದಿನವೇ ಟಿಬಿ ಕೇಂದ್ರಕ್ಕೆ ಹೋಗಿ ತೋರಿಸಿ. ಜೋಮು ಬಂತು ಎಂದು ಯಾರಿಗೂ ಹೇಳದೆ ಮದ್ದು ನಿಲ್ಲಿಸಿದರೆ ಟಿಬಿ ಮದ್ದಿಗೇ ಬಗ್ಗದಂತೆ ಬೆಳೆಯುತ್ತದೆ.

ಮಲೇರಿಯಾ ಮಾತ್ರೆ ಕೊಡುವ ಮೊದಲು ಜಿ6ಪಿಡಿ ಪರೀಕ್ಷೆ ಅಂದರು. ಅದು ಯಾವುದು?

ಇದಕ್ಕೆ ಉತ್ತರ ಹೇಳುವಾಗೆಲ್ಲ ನನಗೆ ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿನ ಗಜನಿ ಗದ್ದೆಗಳು ನೆನಪಾಗುತ್ತವೆ. ಉಪ್ಪುನೀರು ನುಗ್ಗಿದರೆ ಬೇರೆ ಭತ್ತ ಸುಟ್ಟುಹೋಗುತ್ತದೆ. ಕಗ್ಗ ಭತ್ತ ಮಾತ್ರ ಅದೇ ನೀರಲ್ಲಿ ನಿಂತು ತೆನೆ ಬಿಡುತ್ತದೆ. ಆದರೆ ಕಗ್ಗಕ್ಕೂ ಅದರದ್ದೇ ಕೊರತೆಗಳಿವೆ, ಇಳುವರಿ ಕಡಿಮೆ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸೋಲು.

ಜಿ6ಪಿಡಿ ಕೊರತೆ ಹಾಗೇ. ಇದು ಕೆಂಪು ರಕ್ತಕಣವನ್ನು ಕಾಪಾಡುವ ಕಿಣ್ವ. ಇದು ಕಡಿಮೆ ಇರುವವರಿಗೆ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಇತ್ತು. ಅದಕ್ಕೇ ಮಲೇರಿಯಾ ಇದ್ದ ನಾಡುಗಳಲ್ಲೆಲ್ಲ, ಆಫ್ರಿಕಾ, ಮೆಡಿಟರೇನಿಯನ್, ನಮ್ಮ ದೇಶದ ಹಲವು ಕಡೆ, ಈ ಕೊರತೆ ಉಳಿದು ಬಂದಿದೆ. ದಿನನಿತ್ಯ ಏನೂ ತೊಂದರೆ ಇರುವುದಿಲ್ಲ. ಎಷ್ಟೋ ಜನರಿಗೆ ತಮಗೆ ಹೀಗಿದೆ ಎಂಬುದೇ ಗೊತ್ತಿರುವುದಿಲ್ಲ. ಆದರೆ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ತಿಂದರೆ ರಕ್ತಕಣಗಳು ಒಡೆಯಲು ಶುರುವಾಗುತ್ತವೆ. ಎರಡು ಮೂರು ದಿನದಲ್ಲಿ ಮೂತ್ರ ಕಪ್ಪು ಚಹಾದ ಹಾಗೆ, ಕಣ್ಣು ಹಳದಿ, ಮೆಟ್ಟಿಲು ಹತ್ತಲಾಗದಷ್ಟು ಸುಸ್ತು. ಪ್ರೈಮಾಕ್ವಿನ್ ತಿಂದ ಕೆಲವರಿಗೆ ಮಾತ್ರ ಯಾಕೆ ಹೀಗಾಗುತ್ತದೆ ಎಂದು ಹುಡುಕುತ್ತಾ ಹೋಗಿ 1956ರಲ್ಲಿ ಈ ಕೊರತೆಯನ್ನು ಕಂಡುಹಿಡಿದರು.

ಹಾಗಾದರೆ ಆ ಮಾತ್ರೆಯೇ ಬೇಡ ಅನ್ನಲಾಗುವುದಿಲ್ಲ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣು ಲಿವರಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಎದ್ದು ಬರುತ್ತದೆ. ಅದನ್ನು ಅಲ್ಲೇ ಮುಗಿಸಲು ನಮ್ಮಲ್ಲಿ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಮಕ್ಕಳಿಗೂ ಕೊಡುವುದಿಲ್ಲ. ಕೊರತೆ ಇದ್ದವರಿಗೆ ವಾರಕ್ಕೊಮ್ಮೆಯಂತೆ ಎಂಟು ವಾರ, ಡಾಕ್ಟರ ಕಣ್ಣೆದುರಿನಲ್ಲಿ ಕೊಡುವ ಕ್ರಮ ಇದೆ.

ಈ ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಗಂಡುಮಕ್ಕಳಲ್ಲಿ ಕೊರತೆ ಜಾಸ್ತಿ ಕಾಣುತ್ತದೆ. ತಾಯಿಗೆ ಏನೂ ಇಲ್ಲದಂತೆ ಕಂಡರೂ ಮಗನಿಗೆ ಬರಬಹುದು. ತಾಯಿಯ ಅಣ್ಣನಿಗೆ ಮಲೇರಿಯಾ ಮಾತ್ರೆಯಿಂದ ಕಪ್ಪು ಮೂತ್ರ ಆಗಿತ್ತು ಎಂಬ ಸುದ್ದಿ ಮನೆಯಲ್ಲಿದ್ದರೆ ಡಾಕ್ಟರಿಗೆ ಹೇಳಿ. ರಕ್ತ ಒಡೆದ ಆ ದಿನಗಳಲ್ಲೇ ಪರೀಕ್ಷೆ ಮಾಡಿದರೆ ಫಲಿತಾಂಶ ಸುಳ್ಳಾಗಿ ಸರಿ ಇದೆ ಎಂದು ಬರಬಹುದು, ಯಾಕೆಂದರೆ ಹಳೆಯ ಕಣಗಳೆಲ್ಲ ಒಡೆದು ಹೊಸವು ಮಾತ್ರ ಉಳಿದಿರುತ್ತವೆ. ಕೆಲವು ತಿಂಗಳ ನಂತರ ಮತ್ತೆ ಮಾಡಿಸಬೇಕಾಗುತ್ತದೆ.

ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ನುಸಿ ಗುಳಿಗೆಯೂ ಈ ಕೊರತೆ ಇರುವ ಹಸುಗೂಸಿಗೆ ಅಪಾಯ. ಬಾಣಂತಿ ಕೋಣೆಗೆ ಹಳೆಯ ಪೆಟ್ಟಿಗೆಯಿಂದ ಬಟ್ಟೆ ತೆಗೆಯುವಾಗ ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ. ಇನ್ನು ಅವರೆಕಾಳು ತಿನ್ನಬಾರದಾ ಎಂದು ಕೇಳುತ್ತಾರೆ. ಈ ಕೊರತೆ ಇರುವವರಿಗೆ ಆಗದು ಎಂದು ಪುಸ್ತಕದಲ್ಲಿ ಬರುವ ಫಾವಾ ಕಾಳೇ ಬೇರೆ, ನಮ್ಮ ಅವರೆಯೇ ಬೇರೆ.

ಮೂರ್ಛೆ ಮಾತ್ರೆಗೆ ಮೈಯೆಲ್ಲಾ ಸುಟ್ಟಹಾಗೆ ಆಗುತ್ತದೆ ಎಂದು ಕೇಳಿದ್ದೇವೆ. ಹೌದಾ?

ಇದು ನಮ್ಮ ಮನೆಯ ಕಥೆ.

ನಮ್ಮ ದೊಡ್ಡಮ್ಮನಿಗೆ ಮುಖದ ನರ ಹಿಡಿದು ಕೆನ್ನೆಯಲ್ಲಿ ಮಿಂಚು ಹೊಡೆದಂತೆ ನೋವು ಬರುತ್ತಿತ್ತು. ಕಾರ್ಬಮಜೆಪಿನ್ ಕೊಟ್ಟರು. ಆ ನೋವಿಗೆ ಅದು ಒಳ್ಳೆಯ ಮದ್ದು, ಮೂರ್ಛೆಗೂ ಅದನ್ನೇ ಕೊಡುತ್ತಾರೆ. ಹದಿನಾಲ್ಕನೇ ದಿನ ಜ್ವರ ಬಂತು. ಕಣ್ಣು ಕೆಂಪಾಯಿತು. ಬಾಯಲ್ಲಿ ಹುಣ್ಣು. ಮಾರನೇ ದಿನ ಎದೆ ಮೇಲೆ ಕೆಂಪು ಕಲೆ, ಆಮೇಲೆ ನೀರು ಗುಳ್ಳೆ. ಸರ್ಪಸುತ್ತು ಇರಬೇಕು ಎಂದು ನೆರೆಮನೆಯವರು ಹೇಳಿದರು, ನಾವೂ ಎರಡು ದಿನ ಕಳೆದೆವು. ಮಾತ್ರೆ ನಿಲ್ಲಿಸಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಗೆ ಸೇರಿಸಿ, ಇಪ್ಪತ್ತು ದಿನ ಮಲಗಿ, ಬದುಕಿ ಬಂದರು.

ಅದು ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್. ಇಲ್ಲಿ ಮದ್ದು ಜಮಾ ಆದದ್ದಲ್ಲ, ಮೈಯ ಕಾವಲಿನವರೇ ಮದ್ದನ್ನು ಶತ್ರು ಎಂದು ತಿಳಿದು ಸ್ವಂತ ಚರ್ಮದ ಮೇಲೆ ಬಿದ್ದದ್ದು. ತೈವಾನ್‌ನಲ್ಲಿ 2004ರಲ್ಲಿ ಈ ಮದ್ದಿನಿಂದ ಹೀಗಾದ 44 ರೋಗಿಗಳನ್ನು ಪರೀಕ್ಷಿಸಿದಾಗ 44 ಮಂದಿಯಲ್ಲೂ ಎಚ್‌ಎಲ್‌ಎ-ಬಿ 15:02 ಎಂಬ ಒಂದೇ ಜೀನ್ ರೂಪ ಸಿಕ್ಕಿತು. 2007ರಲ್ಲಿ ಅಮೆರಿಕದಲ್ಲಿ, ಏಷ್ಯಾ ಮೂಲದವರಿಗೆ ಈ ಮದ್ದು ಕೊಡುವ ಮೊದಲು ಪರೀಕ್ಷೆ ಮಾಡಿ ಎಂದು ಸೂಚಿಸಿದರು. ಭಾರತದ ರೋಗಿಗಳಲ್ಲೂ ಅದೇ ರೂಪ ಸಿಕ್ಕಿದೆ. ಇದು ಇದ್ದವರಿಗೆಲ್ಲ ಹೀಗಾಗುತ್ತದೆ ಎಂದಲ್ಲ, ಇಲ್ಲದವರಿಗೆ ಆಗುವುದೇ ಇಲ್ಲ ಎಂದೂ ಅಲ್ಲ. ಇರುವವರಿಗೆ ಅಪಾಯ ತುಂಬಾ ಜಾಸ್ತಿ.

ನನಗೆ ಈಗಲೂ ಸಂಕಟ ಕೊಡುವುದು ಮುಂದೆ ನಡೆದದ್ದು. ಆರು ವರ್ಷ ಬಿಟ್ಟು ದೊಡ್ಡಮ್ಮನಿಗೆ ಮತ್ತೆ ಕೆನ್ನೆ ನೋವು ಬಂತು. ಬೇರೆ ಊರು, ಬೇರೆ ಡಾಕ್ಟರು. ಹಳೆಯ ಡಿಸ್ಚಾರ್ಜ್ ಕಾಗದ ಮಳೆಗಾಲದಲ್ಲಿ ಗೆದ್ದಲು ತಿಂದಿತ್ತು. ದೊಡ್ಡಮ್ಮ "ಒಂದು ಮಾತ್ರೆ ಆಗಿಬರೂದಿಲ್ಲ" ಎಂದು ಹೇಳಿದ್ದರಂತೆ. ಯಾವುದು ಎಂದು ಅವರಿಗೆ ಗೊತ್ತಿರಲಿಲ್ಲ. ಬರೆದುಕೊಟ್ಟದ್ದು ಆಕ್ಸ್‌ಕಾರ್ಬಜೆಪಿನ್. ಹಳೆಯದರ ತಮ್ಮ ಇದ್ದಹಾಗೆ, ಅದರಿಂದಲೂ ಇದೇ ಅಪಾಯ. ಮಾತ್ರೆ ತೆಗೆದುಕೊಳ್ಳಲು ನಮ್ಮ ಅಂಗಡಿಗೇ ಬಂದದ್ದರಿಂದ ನನ್ನ ಕಣ್ಣಿಗೆ ಬಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಕೂಡಲೇ ಬದಲಾಯಿಸಿದರು. ಬೇರೆ ಅಂಗಡಿಗೆ ಹೋಗಿದ್ದರೆ? ಅಂದಿನಿಂದ ಎಲ್ಲರಿಗೂ ಚೀಟಿ ಬರೆದುಕೊಡುವ ಅಭ್ಯಾಸ ಮಾಡಿಕೊಂಡೆ.

ಹೊಸದಾಗಿ ಕಾರ್ಬಮಜೆಪಿನ್, ಫಿನೈಟೋಯಿನ್, ಲ್ಯಾಮೋಟ್ರಿಜಿನ್ ಎಂಬ ಮೂರ್ಛೆ ಮಾತ್ರೆ ಶುರು ಮಾಡಿದವರು ಮೊದಲ ಎರಡು ಮೂರು ತಿಂಗಳು ಕಣ್ಣಿಟ್ಟಿರಿ. ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು, ಚರ್ಮದಲ್ಲಿ ಕಲೆ, ಇವು ಬಂದರೆ ಮುಂದಿನ ಮಾತ್ರೆ ನುಂಗುವ ಮೊದಲೇ ಡಾಕ್ಟರ ಹತ್ತಿರ ಅಥವಾ ಎಮರ್ಜೆನ್ಸಿಗೆ ಹೋಗಿ. ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್‌ಗೂ ಇದೇ ಎಚ್ಚರ. ಅದಕ್ಕೆ ಸಂಬಂಧಿಸಿದ ರೂಪ ಎಚ್‌ಎಲ್‌ಎ-ಬಿ 58:01.

ಆಪರೇಷನ್‌ಗೆ ಮೊದಲು ಅರಿವಳಿಕೆ ಡಾಕ್ಟರು "ಮನೆಯಲ್ಲಿ ಯಾರಿಗಾದರೂ ಎಚ್ಚರ ಆಗಲು ತಡ ಆಗಿತ್ತಾ" ಎಂದು ಕೇಳಿದರು. ಎಂತಕ್ಕೆ?

ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ, ನೆನಪು ಮಾಡಿಕೊಂಡು ಸರಿಯಾಗಿ ಉತ್ತರ ಕೊಡಿ. ಗಂಟಲಿಗೆ ಕೊಳವೆ ಹಾಕಲು ಸ್ನಾಯು ಸಡಿಲ ಮಾಡುವ ಸ್ಕೋಲಿನ್ ಎಂಬ ಇಂಜೆಕ್ಷನ್ ಇದೆ. ಐದು ಹತ್ತು ನಿಮಿಷದಲ್ಲಿ ಅದರ ಕೆಲಸ ಮುಗಿಯುತ್ತದೆ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಆ ಕಿಣ್ವ ಹುಟ್ಟಿನಿಂದ ಇಲ್ಲದವರಿಗೆ ಗಂಟೆಗಟ್ಟಲೆ ಸ್ವಂತ ಉಸಿರು ಬರುವುದಿಲ್ಲ. ವೆಂಟಿಲೇಟರ್‌ನಲ್ಲಿ ಇಟ್ಟು ಕಾದರೆ ಪೂರ್ತಿ ಸರಿಹೋಗುತ್ತಾರೆ. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಬೇರೆಯವರಿಗಿಂತ ಜಾಸ್ತಿ ಎಂದು ದಾಖಲಾಗಿದೆ, ಅದಕ್ಕೆ ಕಾರಣವಾದ ಜೀನ್ ಬದಲಾವಣೆಯೂ ಸಿಕ್ಕಿದೆ. ಮೊದಲೇ ಗೊತ್ತಿದ್ದರೆ ಬೇರೆ ಮದ್ದು ಬಳಸುತ್ತಾರೆ, ಅಷ್ಟೇ.

ಅಂದರೆ ಜಾತಿಗೊಂದು ಮದ್ದಾ?

ಅಲ್ಲ. ತಲೆಮಾರುಗಳ ಕಾಲ ಸಣ್ಣ ಗುಂಪಿನೊಳಗೇ ಮದುವೆ ಆಗುತ್ತಾ ಬಂದರೆ, ಹಿಂದೆ ಯಾರೋ ಒಬ್ಬರಲ್ಲಿದ್ದ ಬದಲಾವಣೆ ಆ ಗುಂಪಿನಲ್ಲಿ ಹೆಚ್ಚು ಜನರಿಗೆ ಹರಡುತ್ತದೆ. ನಮ್ಮ ದೇಶದ ಹೆಚ್ಚಿನ ಎಲ್ಲಾ ಸಮುದಾಯಗಳ ಕಥೆಯೂ ಇದೇ. ಒಬ್ಬರದ್ದು ಮೊದಲು ಗೊತ್ತಾಯಿತು, ಉಳಿದವರದ್ದು ಇನ್ನೂ ಹುಡುಕಬೇಕು.

ನಮ್ಮ ಒಂದೇ ಜಿಲ್ಲೆ ನೋಡಿ. ಹವ್ಯಕರು, ಹಾಲಕ್ಕಿಗಳು, ನಾಡವರು, ನಾಮಧಾರಿಗಳು, ಖಾರ್ವಿಗಳು, ಅಂಬಿಗರು, ಕೊಂಕಣಿಗರು, ಭಟ್ಕಳದ ನವಾಯತರು, ಯಲ್ಲಾಪುರ ಹಳಿಯಾಳದ ಸಿದ್ದಿಗಳು, ಮುಂಡಗೋಡದ ಟಿಬೆಟಿನವರು. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು ಎಂಬುದನ್ನು 2011ರಲ್ಲಿ ಬಂದ ಜೀನ್ ಅಧ್ಯಯನಗಳೂ ತೋರಿಸಿವೆ. ಇಷ್ಟು ಬೇರೆ ಬೇರೆ ಬೇರುಗಳಿರುವ ಜಾಗದಲ್ಲಿ "ಭಾರತೀಯರಿಗೆ ಇಷ್ಟು ಡೋಸ್" ಎಂಬ ಒಂದೇ ಅಳತೆ ಸಾಲದು. ಹಾಗೆಯೇ ಅಡ್ಡಹೆಸರು ನೋಡಿ ಡೋಸ್ ಹೇಳುವುದೂ ತಪ್ಪು. ಒಂದೇ ಕುಲದ ಇಬ್ಬರಲ್ಲಿ ಒಬ್ಬರಿಗೆ ಇರುತ್ತದೆ, ಒಬ್ಬರಿಗೆ ಇರುವುದಿಲ್ಲ. ನೋಡಬೇಕಾದದ್ದು ಆ ಮನುಷ್ಯನ ಜೀನ್.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಶುರುವಾಗಿ, ದೇಶದ ಬೇರೆ ಬೇರೆ ಸಮುದಾಯಗಳ ಸುಮಾರು 10,000 ಜನರ ಪೂರ್ತಿ ಜೀನ್ ಬರಹ ಓದಿದೆ. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆದರು. ಇಷ್ಟು ದಿನ ಹೆಚ್ಚಿನ ಲೆಕ್ಕವೆಲ್ಲ ಯುರೋಪಿನ ಜನರ ಮೇಲೆ ನಡೆದಿತ್ತು. ಇದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸುದ್ದಿ.

ಮಕ್ಕಳ ಕೆಮ್ಮಿಗೆ ಕೋಡೀನ್ ಇರುವ ಸಿರಪ್ ಕೊಡಬಹುದಾ?

ಬೇಡ. ಕೋಡೀನ್ ಮೈಯೊಳಗೆ ಮಾರ್ಫಿನ್ ಆಗಿ ಬದಲಾಗುತ್ತದೆ. ಸಿವೈಪಿ2ಡಿ6 ಕಿಣ್ವ ತುಂಬಾ ಜೋರಿರುವ ಮಕ್ಕಳಲ್ಲಿ ಒಮ್ಮೆಲೇ ಜಾಸ್ತಿ ಮಾರ್ಫಿನ್ ತಯಾರಾಗಿ ಉಸಿರು ನಿಂತ ಪ್ರಸಂಗಗಳಿವೆ. ಅಮೆರಿಕದಲ್ಲಿ 2017ರಿಂದ 12 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು ಎಂದಿದೆ. ಹಾಲೂಡಿಸುವ ತಾಯಂದಿರಿಗೂ ಬೇಡ ಎಂದಿದ್ದಾರೆ.

ಕ್ಯಾನ್ಸರ್ ಮದ್ದಿಗೂ ಇದು ಸಂಬಂಧವಾ?

ಹೌದು, ಅಲ್ಲಿ ಪರೀಕ್ಷೆಯ ಮಹತ್ವ ಜಾಸ್ತಿ. 5-ಎಫ್‌ಯು, ಕ್ಯಾಪೆಸಿಟಬಿನ್ ಒಡೆಯುವ ಕಿಣ್ವದ ಜೀನ್ ಡಿಪಿವೈಡಿ. ಅದು ಕೆಲಸ ಮಾಡದವರಿಗೆ ಸಾಮಾನ್ಯ ಡೋಸೇ ಜೀವಕ್ಕೆ ಅಪಾಯ ಆಗಬಹುದು. ಯುರೋಪಿನ ಔಷಧ ಸಂಸ್ಥೆ 2020ರಿಂದ, ಮದ್ದು ಶುರು ಮಾಡುವ ಮೊದಲೇ ಪರೀಕ್ಷಿಸಿ ಎಂದು ಹೇಳುತ್ತಿದೆ. ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ಮರ್ಕ್ಯಾಪ್ಟೊಪ್ಯೂರಿನ್, ಕರುಳಿನ ಕಾಯಿಲೆಗೆ ಕೊಡುವ ಅಜಾಥಯೋಪ್ರಿನ್ ಇವುಗಳಿಗೆ ಟಿಪಿಎಂಟಿ, ಎನ್‌ಯುಡಿಟಿ15 ಎಂಬ ಎರಡು ಜೀನ್‌ಗಳಿವೆ. ನಮ್ಮವರಲ್ಲಿ ಎರಡನೆಯದರಿಂದಲೇ ತೊಂದರೆ ಜಾಸ್ತಿ. ಬಿಳಿ ರಕ್ತಕಣ ಒಮ್ಮೆಲೇ ಕುಸಿಯುತ್ತದೆ. ಈ ಮದ್ದು ಶುರು ಮಾಡುವಾಗ "ಡಾಕ್ಟ್ರೇ, ಪರೀಕ್ಷೆ ಬೇಕಾ?" ಎಂದು ಕೇಳಲು ಹಿಂಜರಿಯಬೇಡಿ.

ಪರೀಕ್ಷೆ ಹೇಗೆ ಮಾಡುತ್ತಾರೆ? ಎಲ್ಲರೂ ಮಾಡಿಸಿಕೊಳ್ಳಬೇಕಾ?

ಸ್ವಲ್ಪ ರಕ್ತ ಅಥವಾ ಎಂಜಲು ಸಾಕು. ಮಾದರಿ ದೊಡ್ಡ ಊರಿನ ಲ್ಯಾಬಿಗೆ ಹೋಗುತ್ತದೆ, ವರದಿ ಬರಲು ದಿನಗಳು ಬೇಕು. ಜೀನ್ ಬದಲಾಗುವುದಿಲ್ಲ. ಹಾಗಾಗಿ ಒಂದು ಜೀನ್‌ಗೆ ಜೀವಮಾನದಲ್ಲಿ ಒಮ್ಮೆ ಸಾಕು, ವರದಿ ಜೋಪಾನ ಮಾಡಿ. ಜಿ6ಪಿಡಿ ಪರೀಕ್ಷೆ ಮಾತ್ರ ಸಾಮಾನ್ಯವಾಗಿ ಕಿಣ್ವದ್ದು, ಅದು ಸುಲಭ.

ಎಲ್ಲರಿಗೂ ಬೇಡ. ಮೇಲೆ ಹೇಳಿದ ಮದ್ದುಗಳಲ್ಲಿ ಒಂದು ಶುರುವಾಗುವುದಿದ್ದರೆ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಅದರಿಂದ ದೊಡ್ಡ ತೊಂದರೆ ಆಗಿದ್ದರೆ ಕೇಳಿ. ಜಾಹೀರಾತು ನೋಡಿ ನೂರಾರು ಜೀನ್‌ಗಳ ಪ್ಯಾಕೇಜ್ ತರಿಸಿಕೊಂಡು, ಆ ಕಾಗದ ಹಿಡಿದು ಅಂಗಡಿಗೆ ಬರುವವರಿದ್ದಾರೆ. ಓದಿ ಹೇಳುವ ಡಾಕ್ಟರು ಇಲ್ಲದೆ ಆ ಕಾಗದದಿಂದ ಉಪಯೋಗ ಕಡಿಮೆ. ವರದಿ ನೋಡಿ ತಾವೇ ಡೋಸ್ ಅರ್ಧ ಮಾಡುವವರೂ ಇದ್ದಾರೆ. ಕ್ಲೋಪಿಡೋಗ್ರೆಲ್ ತರದ ಮದ್ದನ್ನು ಹಾಗೆ ಒಂದು ವಾರ ಏರುಪೇರು ಮಾಡಿದರೂ ಸ್ಟೆಂಟ್ ಮುಚ್ಚಿಹೋಗಬಹುದು.

ಕಷಾಯ, ನಾಟಿ ಮದ್ದಿಗೆ ಇದೆಲ್ಲ ಇಲ್ಲ ಅಲ್ವಾ?

ಗಿಡದ ರಸವನ್ನೂ ಒಡೆಯುವುದು ಅದೇ ಲಿವರ್. ನಾನು ಜೀರಿಗೆ ಕಷಾಯ ಕುಡಿದು ಬೆಳೆದವಳು, ಅದನ್ನು ಬೇಡ ಅನ್ನುವುದಿಲ್ಲ. ಆದರೆ ಅಮೃತಬಳ್ಳಿ ರಸ ತಿಂಗಳುಗಟ್ಟಲೆ ಕುಡಿದು ಲಿವರ್ ಕೆಟ್ಟವರ ವರದಿಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಿಂದಲೇ ಬಂದಿವೆ. ಏನು ಕುಡಿಯುತ್ತಿದ್ದೀರಿ ಎಂಬುದನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಬೈಯುತ್ತಾರೆ ಎಂದು ಹೆದರಿ ಹೇಳದವರೇ ಜಾಸ್ತಿ.

ಮದ್ದಿನಿಂದ ತೊಂದರೆ ಆದರೆ ಯಾರಿಗಾದರೂ ತಿಳಿಸಬೇಕಾ?

ಮೊದಲು ನಿಮ್ಮ ಡಾಕ್ಟರಿಗೆ. ಅದರ ಜೊತೆಗೆ, 2010ರಿಂದ ದೇಶಕ್ಕೊಂದು ಔಷಧ ನಿಗಾ ಕಾರ್ಯಕ್ರಮ ಇದೆ. ಅದರ ಉಚಿತ ದೂರವಾಣಿ 1800-180-3024. ರೋಗಿಯೂ ತಿಳಿಸಬಹುದು, ಮನೆಯವರೂ ತಿಳಿಸಬಹುದು.

ನೀವು ಕೊಡುವ ಚೀಟಿಯಲ್ಲಿ ಏನು ಬರೆಯುತ್ತೀರಿ?

ಕಾರವಾರದವರು ಗೋವಾಕ್ಕೆ ಹೋಗುತ್ತಾರೆ, ಹೊನ್ನಾವರ ಭಟ್ಕಳದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ. ಒಬ್ಬರ ಕಾಗದಗಳೇ ಮೂರು ಊರಿನಲ್ಲಿ ಹಂಚಿಹೋಗಿರುತ್ತವೆ. ಹಾಗಾಗಿ ಚೀಟಿ ಮನುಷ್ಯನ ಜೊತೆಗೇ ಇರಬೇಕು. ಮದ್ದಿನ ಒಳಗಿನ ಹೆಸರು ಬರೆಯಬೇಕು, ಕಂಪನಿ ಇಟ್ಟ ಹೆಸರು ಮಾತ್ರ ಬರೆದರೆ ಸಾಲದು. ಯಾವ ವರ್ಷ, ತಿಂದ ಎಷ್ಟನೇ ದಿನ, ಏನಾಯಿತು. ಯಾವ ಯಾವ ಮದ್ದು ಕೊಡಬಾರದು. ರಕ್ತಸಂಬಂಧಿಗಳಿಗೆ ಹೇಳಿದ್ದೀರಾ. ದೊಡ್ಡಮ್ಮನ ಒಡಹುಟ್ಟಿದವರಿಗೂ ಮಕ್ಕಳಿಗೂ ಅದೇ ಪ್ರತಿ ಬಂದಿರುವ ಸಾಧ್ಯತೆ ಚೆನ್ನಾಗಿಯೇ ಇದೆ, ಹಾಗಾಗಿ ಅವರೂ ಡಾಕ್ಟರಿಗೆ ಹೇಳಬೇಕು.

ದೊಡ್ಡಮ್ಮನ ಚೀಟಿ ಹೀಗಿದೆ: "ಕಾರ್ಬಮಜೆಪಿನ್ ತಿಂದ 14ನೇ ದಿನ ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಆಗಿದೆ. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್ ಕೊಡಬೇಡಿ. ಫಿನೈಟೋಯಿನ್ ಕೊಡುವ ಮೊದಲು ಯೋಚಿಸಿ." ಪ್ಲಾಸ್ಟಿಕ್ ಹಾಕಿಸಿ ಕೊಟ್ಟಿದ್ದೇನೆ. ಪರ್ಸ್ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿಲ್ಲ. ಎಲೆಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದಾರೆ. ಆ ಸಂಚಿ ಬಿಟ್ಟು ಅವರು ಎಲ್ಲಿಗೂ ಹೋಗುವುದಿಲ್ಲ.